ಯಾರು ಇಟ್ಟ ಬೆಂಕಿ, ಯಾರು ಕೋರುವ ಶಾಂತಿ?

ನಮ್ಮ ಪೇಪರುಗಳಲ್ಲಿ ಒಂದು ವಾಕ್ಯವನ್ನು ಅಕ್ಷರ ಕಲಿತಾಗಿನಿಂದ ಓದಿಕೊಂಡು ಬಂದಿದ್ದೇವೆ: 'ದಲಿತರ ಕೇರಿಗೆ ಬೆಂಕಿ ಬಿತ್ತು.' ಬೆಂಕಿ ತಾನಾಗಿ ಬೀಳುತ್ತದೆ, ಮಳೆ ಬಿದ್ದ ಹಾಗೆ, ಹಣ್ಣೆಲೆ ಬಿದ್ದ ಹಾಗೆ. ಇಟ್ಟವನು ವಾಕ್ಯದಲ್ಲಿ ಇರುವುದೇ ಇಲ್ಲ. ಮಾರನೇ ದಿನ ಅದೇ ಪೇಪರಿನಲ್ಲಿ ಶಾಂತಿ ಸಭೆಯ ಸುದ್ದಿ ಬರುತ್ತದೆ. ಆ ಸಭೆಗೆ ಮಾತ್ರ ಕರ್ತೃಗಳುಂಟು, ಹೆಸರು ಹುದ್ದೆ ಸಮೇತ. ಈ ವ್ಯಾಕರಣ ಕನ್ನಡದ ಪೇಪರುಗಳ ಸ್ವಂತ ಆಸ್ತಿಯೇನಲ್ಲ. ಇಸ್ರೇಲಿಗಳಿಗೂ ಪ್ಯಾಲೆಸ್ತೀನಿಯರಿಗೂ ನಡುವೆ ಶಾಂತಿ ಆಗಲಿ ಎಂದು ಕ್ರೈಸ್ತ ಚರ್ಚುಗಳು ವರ್ಷ ವರ್ಷವೂ ಹೊರಡಿಸುವ ಹೇಳಿಕೆ, ಪ್ರಾರ್ಥನೆ, ಪ್ರಸಂಗಗಳನ್ನು ಕೂಡ ನಾವು ಹೀಗೇ ಓದಬೇಕು ಅಂತ ನಮ್ಮ ಅಭಿಪ್ರಾಯ. ದೇವಶಾಸ್ತ್ರ ಅಂತ ಕೈಮುಗಿದು ಪಕ್ಕಕ್ಕಿಡುವುದು ಬೇಡ. ಅವು ಬರವಣಿಗೆ. ಬರವಣಿಗೆ ಅಂದಮೇಲೆ ವಿಮರ್ಶೆಗೆ ಒಳಪಡಲೇಬೇಕು.

ಒಂದು ಉದಾಹರಣೆ. 2025ರ ಜುಲೈ 17ರಂದು ಗಾಜಾ ನಗರದ ಹೋಲಿ ಫ್ಯಾಮಿಲಿ ಚರ್ಚಿಗೆ ಶೆಲ್ ಬಡಿಯಿತು. ಗಾಜಾದಲ್ಲಿರುವ ಕ್ಯಾಥೊಲಿಕ್ ಚರ್ಚು ಅದೊಂದೇ. ಮನೆಮಠ ಕಳೆದುಕೊಂಡ ನೂರಾರು ಜನ ಅದರ ಅಂಗಳದಲ್ಲಿ ಆಶ್ರಯ ಪಡೆದಿದ್ದರು. ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್‌ನಲ್ಲಿ ಸಾಯುವ ಮೊದಲು ಹೆಚ್ಚುಕಡಿಮೆ ಪ್ರತಿ ಸಂಜೆ ಫೋನು ಮಾಡಿ 'ಇವತ್ತು ಏನು ಉಂಡಿರಿ' ಎಂದು ಕೇಳುತ್ತಿದ್ದುದು ಈ ಚರ್ಚಿನವರನ್ನೇ. ಮೂರು ಜನ ಸತ್ತರು. ಗುರಿ ತಪ್ಪಿ ಬಿದ್ದದ್ದು ಎಂದು ಇಸ್ರೇಲ್ ಸಮಜಾಯಿಷಿ ಕೊಟ್ಟಿತು. ಅಂದೇ ಹೊಸ ಪೋಪ್ ಲಿಯೋ ಹೆಸರಿನಲ್ಲಿ ವ್ಯಾಟಿಕನ್ನಿನಿಂದ ತಂತಿ ಹೊರಟಿತು. ಸೇನಾ ದಾಳಿಯಿಂದ ಆದ ಸಾವುನೋವಿಗೆ ದುಃಖ, ಕದನ ವಿರಾಮಕ್ಕೆ ಕರೆ. ಯಾವ ಸೇನೆ? ತಂತಿಯಲ್ಲಿ ಇಲ್ಲ. ಜಗತ್ತಿನ ನಾನಾ ಕಡೆ ಕ್ರೈಸ್ತರೇ ಗೊಣಗಿದರು. ಮೂರು ದಿನ ಕಳೆದು, ಜುಲೈ 20ರ ಭಾನುವಾರ, ಪೋಪ್ ಬಾಯಿಬಿಟ್ಟು ಹೇಳಿದಾಗ ವಾಕ್ಯಕ್ಕೆ ಕರ್ತೃ ಬಂದಿತ್ತು: ಇಸ್ರೇಲಿ ಸೇನೆ ನಡೆಸಿದ ದಾಳಿ. ಸತ್ತ ಮೂವರ ಹೆಸರನ್ನೂ ಅವರು ಓದಿದರು.

ತಂತಿಯಿಂದ ಭಾನುವಾರದವರೆಗಿನ ಆ ಮೂರು ದಿನದ ದೂರವೇ ನಮ್ಮ ಈ ಲೇಖನದ ವಿಷಯ. ಒಂದು ಹೆಸರು ಬಾಯಿಗೆ ಬರಲು ಮೂರು ದಿನ ಬೇಕಾಯಿತಲ್ಲ, ಅದೂ ಸತ್ತವರು ತಮ್ಮದೇ ಚರ್ಚಿನವರಾಗಿದ್ದಾಗ. ಅಷ್ಟರಲ್ಲಾಗಲೇ ಗಾಜಾದಲ್ಲಿ ಹತ್ತಾರು ಸಾವಿರ ಮುಸ್ಲಿಮರು ಸತ್ತಿದ್ದರು. ಅವರ ವಾಕ್ಯಗಳಿಗೆ ಕರ್ತೃ ಎಷ್ಟು ದಿನಕ್ಕೆ ಬರಬೇಕು? ಫ್ರಾನ್ಸಿಸ್ ತಮ್ಮ ಕೊನೆಯ ತಿಂಗಳುಗಳಲ್ಲಿ ಇದು ಯುದ್ಧವಲ್ಲ, ಕ್ರೌರ್ಯ ಎಂದು ಹೇಳಿ ಬೈಸಿಕೊಂಡಿದ್ದರು ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ.

ಅದೇ ಫ್ರಾನ್ಸಿಸ್ 2014ರಲ್ಲಿ ಎರಡು ಕೆಲಸ ಮಾಡಿದರು. ಮೇ ತಿಂಗಳಲ್ಲಿ ಬೆತ್ಲೆಹೇಮಿಗೆ ಹೋದಾಗ ಇಸ್ರೇಲ್ ಎಬ್ಬಿಸಿರುವ ಕಾಂಕ್ರೀಟ್ ಗೋಡೆಯ ಹತ್ತಿರ ಗಾಡಿ ನಿಲ್ಲಿಸಿ, ಇಳಿದು, ಅದಕ್ಕೆ ಹಣೆ ಹಚ್ಚಿ ನಿಂತರು. ಒಂದು ಮಾತೂ ಆಡಲಿಲ್ಲ. ಜೂನ್ 8ರಂದು ಇಸ್ರೇಲಿನ ಅಧ್ಯಕ್ಷ ಶಿಮೋನ್ ಪೆರೆಸ್ ಮತ್ತು ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಇಬ್ಬರನ್ನೂ ವ್ಯಾಟಿಕನ್ ತೋಟಕ್ಕೆ ಕರೆಸಿ ಪ್ರಾರ್ಥನೆ ಮಾಡಿಸಿದರು, ಎಲ್ಲರೂ ಸೇರಿ ಆಲಿವ್ ಗಿಡ ನೆಟ್ಟರು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 8ಕ್ಕೆ, ಗಾಜಾದ ಮೇಲೆ ಯುದ್ಧ ಶುರುವಾಯಿತು. ಐವತ್ತು ದಿನದಲ್ಲಿ 2,200ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು, 70ಕ್ಕೂ ಹೆಚ್ಚು ಇಸ್ರೇಲಿಗಳು ಸತ್ತರು. ಪ್ರಾರ್ಥನೆ ಫಲಿಸಲಿಲ್ಲ ಅಂತ ನಗಾಡಲು ಇದನ್ನು ಹೇಳುತ್ತಿಲ್ಲ. ಕವಿಗಳಾಗಿ ನಾವು ಕೇಳುವುದು ಬೇರೆ: ಈ ಎರಡರಲ್ಲಿ ಯಾವುದು ಸತ್ಯವಾದ ಪ್ರತಿಮೆ? ಗೋಡೆಗೆ ಹಚ್ಚಿದ ಹಣೆಯಲ್ಲಿ ಗೋಡೆ ಇದೆ. ತೋಟದ ಗಿಡದಲ್ಲಿ ಗೋಡೆ ಇಲ್ಲ, ಸೇನೆ ಇಲ್ಲ, ಕಿತ್ತುಕೊಂಡ ನೆಲ ಇಲ್ಲ. ಇಬ್ಬರು ಮುದುಕರು ಸಮಾನರಾಗಿ ನಿಂತು ಸಲಿಕೆ ಹಿಡಿದಿದ್ದಾರೆ. ಒಬ್ಬನ ಬೆನ್ನಿಗೆ ವಿಮಾನ, ಟ್ಯಾಂಕು, ಅಣುಬಾಂಬು. ಇನ್ನೊಬ್ಬ ತನ್ನದೇ ನಾಡಿನಲ್ಲಿ ಒಂದೂರಿಂದ ಇನ್ನೊಂದೂರಿಗೆ ಹೋಗಲು ಮೊದಲನೆಯವನ ಅಪ್ಪಣೆ ಪಡೆಯಬೇಕು. ಸಮಾನತೆ ಬರುವ ಮೊದಲೇ ಸಮಾನರ ಫೋಟೋ ತೆಗೆಸಿದ ಹಾಗಾಯ್ತು. ಊರಿನ ರಾಜಿ ಪಂಚಾಯ್ತಿ ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. 'ಇಬ್ಬರದೂ ತಪ್ಪಿದೆ, ಇಬ್ಬರೂ ಕೈ ಕುಲುಕಿ.' ಕೈ ಕುಲುಕಿದ ಮೇಲೆ ಹೊಲ ಯಾರ ಹತ್ತಿರ ಉಳಿಯಿತು?

ಈ 'ಇಬ್ಬರದೂ' ಅನ್ನುವ ಮಾತನ್ನು ಚರ್ಚಿನ ಒಳಗಿನಿಂದಲೇ ಹರಿದು ಹಾಕಿದ ಒಂದು ಬರವಣಿಗೆ ಇದೆ. 1985ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕಪ್ಪು ಪಾದ್ರಿಗಳು, ಅವರ ಜೊತೆ ನಿಂತ ಕೆಲವು ಬಿಳಿಯರು, ಸುಮಾರು ನೂರೈವತ್ತು ಜನ ಸಹಿ ಮಾಡಿ ಹೊರಡಿಸಿದ 'ಕೈರೋಸ್ ದಸ್ತಾವೇಜು'. ಕೈರೋಸ್ ಅನ್ನುವುದು ಗ್ರೀಕ್ ಪದ, ತೀರ್ಮಾನದ ಗಳಿಗೆ ಎಂದರ್ಥ. ಸೊವೆಟೊದಲ್ಲಿ ಟೌನ್‌ಷಿಪ್ಪುಗಳು ಉರಿಯುತ್ತಿದ್ದಾಗ ಬರೆದದ್ದು. ಅದು ದೇವಶಾಸ್ತ್ರವನ್ನು ಮೂರಾಗಿ ಸೀಳುತ್ತದೆ. ವರ್ಣಭೇದದ ಸರ್ಕಾರಕ್ಕೆ ಬೈಬಲ್ಲಿನ ವಚನ ಒದಗಿಸುವುದು ಪ್ರಭುತ್ವದ ದೇವಶಾಸ್ತ್ರ. ತುಳಿದವನಿಗೂ ತುಳಿಸಿಕೊಂಡವನಿಗೂ ಒಂದೇ ಉಸಿರಿನಲ್ಲಿ ಸಮಾಧಾನ ಬೋಧಿಸುವುದು ಚರ್ಚಿನ ದೇವಶಾಸ್ತ್ರ. ಮೂರನೆಯದು ಪ್ರವಾದಿಗಳದ್ದು. ಅದು ಪಕ್ಷ ವಹಿಸುತ್ತದೆ. ಆ ದಸ್ತಾವೇಜಿನ ಹೆಚ್ಚಿನ ಸಿಟ್ಟು ಮೊದಲನೆಯದರ ಮೇಲಲ್ಲ, ಎರಡನೆಯದರ ಮೇಲೆ, ಒಳ್ಳೆಯವರ ಮೇಲೆ. ಅನ್ಯಾಯ ನಿಲ್ಲುವ ಮೊದಲೇ ಬಾಯಿತುಂಬ ಸಮಾಧಾನ ಹೇಳುವುದು ಅನ್ಯಾಯಕ್ಕೆ ಕೊಡುವ ಸಹಕಾರ ಎಂದು ಪಾದ್ರಿಗಳೇ ಪಾದ್ರಿಗಳಿಗೆ ಬರೆದರು. ನಮ್ಮ ಬಂಡಾಯದ ಹುಡುಗರು ಇದನ್ನು ಓದಬೇಕು. ಧರ್ಮದ ಭಾಷೆಯಲ್ಲಿ ಇಷ್ಟು ನೇರವಾಗಿ ಬರೆಯಲು ಸಾಧ್ಯ ಅನ್ನುವುದಕ್ಕೆ ಅದೊಂದು ಸಾಕ್ಷಿ.

ಅದೇ ಹೆಸರನ್ನು ಸಾಲ ಪಡೆದು 2009ರ ಡಿಸೆಂಬರ್ 11ರಂದು ಬೆತ್ಲೆಹೇಮಿನಲ್ಲಿ 'ಕೈರೋಸ್ ಪ್ಯಾಲೆಸ್ತೀನ್' ಬಂತು. ಬರೆದವರು ಹೊರಗಿನ ಮಿಷನರಿಗಳಲ್ಲ. ಜೆರೂಸಲೇಮಿನ ನಿವೃತ್ತ ಲ್ಯಾಟಿನ್ ಕುಲಪಿತ ಮಿಷೆಲ್ ಸಬ್ಬಾ, ಬೆತ್ಲೆಹೇಮಿನ ಲೂಥರನ್ ಪಾದ್ರಿ ಮಿತ್ರಿ ರಾಹೆಬ್, ಆಂಗ್ಲಿಕನ್ ಪಾದ್ರಿ ನಯೀಮ್ ಅತೀಕ್, ಸಂಘಟಕ ರಿಫಾತ್ ಕಸ್ಸಿಸ್ ಮುಂತಾದವರು, ಎಲ್ಲರೂ ಪ್ಯಾಲೆಸ್ತೀನಿಯರು. ಪಶ್ಚಿಮದ ಜನಕ್ಕೆ ಪ್ಯಾಲೆಸ್ತೀನಿಯರಲ್ಲಿ ಕ್ರೈಸ್ತರಿದ್ದಾರೆ ಅನ್ನುವುದೇ ಅಚ್ಚರಿ. ಕ್ರಿಸ್ತ ಹುಟ್ಟಿದ ಊರಿನಲ್ಲಿ ಅಲ್ಲದೆ ಇನ್ನೆಲ್ಲಿರಬೇಕಿತ್ತೋ!

ಇವರು ಯಾಕೆ ಬರೆದರು ಅನ್ನುವುದಕ್ಕೆ ಇಕ್ರಿತ್ ಎಂಬ ಹಳ್ಳಿಯ ಕಥೆ ಹೇಳಿದರೆ ಸಾಕು. ಗಲಿಲೇಯದ ಉತ್ತರಕ್ಕೆ, ಲೆಬನಾನ್ ಗಡಿಯ ಹತ್ತಿರ ಇದ್ದ ಕ್ರೈಸ್ತ ರೈತರ ಊರು. 1948ರ ನವೆಂಬರಿನಲ್ಲಿ ಇಸ್ರೇಲಿ ಸೇನೆ ಬಂದು, ಎರಡು ವಾರ ಊರು ಬಿಡಿ, ಆಮೇಲೆ ವಾಪಸು ಬರಬಹುದು ಅಂತ ಹೇಳಿ ಕಳಿಸಿತು. ಜನ ನಂಬಿದರು. ವಾರ ಹೋಗಿ ವರ್ಷ ಆಯಿತು. ಕೋರ್ಟಿಗೆ ಹೋದರು. 1951ರ ಜುಲೈನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ಇವರು ವಾಪಸು ಹೋಗಬಹುದು ಎಂದು ತೀರ್ಪು ಕೊಟ್ಟಿತು. ಅದೇ ವರ್ಷ ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿನ ಹಿಂದಿನ ದಿನ, ಸೇನೆ ಇಡೀ ಊರನ್ನು ಸ್ಫೋಟಿಸಿ ನೆಲಸಮ ಮಾಡಿತು. ಚರ್ಚೊಂದನ್ನು ಉಳಿಸಿತು. ಪಕ್ಕದ ಕಫ್ರ್ ಬಿರಿಮ್ ಊರಿಗೂ 1953ರಲ್ಲಿ ಇದೇ ಗತಿ. ಕೋರ್ಟಿನ ಆರ್ಡರ್ ಕೈಯಲ್ಲಿ ಹಿಡಿದು ಜಮೀನಿಗೆ ಕಾಲಿಡಲಾಗದೆ ನಿಂತವರು ನಮ್ಮ ನಡುವೆ ಎಷ್ಟು ಜನ ಇದ್ದಾರೆ ಅನ್ನುವುದು ಓದುಗರಿಗೆ ಗೊತ್ತು. ಇಂಥವರ ಮುಂದೆ ಹೋಗಿ 'ಶಾಂತಿ' ಎಂದರೆ, ಆ ಪದಕ್ಕೆ ಏನರ್ಥ?

'ಕೈರೋಸ್ ಪ್ಯಾಲೆಸ್ತೀನ್' ಈ ಅರ್ಥವನ್ನು ಒಂದೇ ಪದದಿಂದ ತಿರುಗಿಸುತ್ತದೆ: ಪಾಪ. 1967ರಿಂದ ನಡೆದಿರುವ ಸೇನೆಯ ಒತ್ತುವರಿ ದೇವರ ವಿರುದ್ಧವೂ ಮನುಷ್ಯರ ವಿರುದ್ಧವೂ ನಡೆದ ಪಾಪ ಎನ್ನುತ್ತದೆ. ಪದದ ಆಯ್ಕೆ ಗಮನಿಸಿ. 'ಸಂಘರ್ಷ' ಅಂದಿದ್ದರೆ ಇಬ್ಬರು ಬೇಕು, ಮಧ್ಯೆ ಕೂರಲು ಒಬ್ಬ ಪಂಚ ಬೇಕು. ಪಾಪಕ್ಕೆ ಮಾಡಿದವನೊಬ್ಬ ಇರಲೇಬೇಕು. ಅದನ್ನು ಬಿಡಬೇಕೇ ಹೊರತು ಅರ್ಧ ಅರ್ಧ ಹಂಚಿಕೊಳ್ಳಲಾಗದು. ಕರ್ತೃವನ್ನು ವಾಕ್ಯದೊಳಕ್ಕೆ ಎಳೆದು ತರುವ ಪದ ಅದು. ಮುಂದೆ ಹೋಗಿ, ಕೇಡನ್ನು ಎದುರಿಸುವುದು ಕ್ರೈಸ್ತನ ಹಕ್ಕು, ಕರ್ತವ್ಯ ಕೂಡ ಎನ್ನುತ್ತದೆ. ಬಹಿಷ್ಕಾರಕ್ಕೂ ಬಂಡವಾಳ ಹಿಂತೆಗೆಯುವುದಕ್ಕೂ ಕರೆ ಕೊಡುತ್ತದೆ. ಲೋಕದ ಚರ್ಚುಗಳಿಗೆ, ಬಂದು ಕಣ್ಣಾರೆ ನೋಡಿ ಎನ್ನುತ್ತದೆ. ಇಷ್ಟು ಅದರ ಬಲ.

ಅದರ ದೌರ್ಬಲ್ಯವೂ ಇದೆ. ಪ್ರತಿಭಟನೆ ಪ್ರೀತಿಯ ತರ್ಕದಿಂದ ನಡೆಯಬೇಕು, ಶತ್ರುವಿನ ಮುಖದಲ್ಲೂ ದೇವರ ರೂಪ ಕಾಣಬೇಕು ಎಂದು ಅದು ಒತ್ತಿ ಒತ್ತಿ ಹೇಳುತ್ತದೆ. ಮಾತು ದೊಡ್ಡದು, ಒಪ್ಪುತ್ತೇವೆ. ಆದರೆ ಇದನ್ನು ಯಾರ ಕಿವಿಗೆ ಹೇಳುತ್ತಿದ್ದಾರೆ? ಓದುತ್ತ ಹೋದ ಹಾಗೆ ಅನ್ನಿಸುವುದು, ಇದರ ಒಂದು ಕಣ್ಣು ಜೆನೀವಾದ ಕಡೆಗೆ, ವಾಷಿಂಗ್ಟನ್ನಿನ ಕಡೆಗೆ ಇದೆ. ನಾವು ಒಳ್ಳೆಯ ಸಂತ್ರಸ್ತರು, ನಮ್ಮನ್ನು ನಂಬಿ ಎಂದು ಪ್ರಮಾಣ ಮಾಡುತ್ತಿದೆ. ತುಳಿತಕ್ಕೆ ಸಿಕ್ಕವರು ಬಾಯಿ ತೆರೆಯುವ ಮೊದಲು ತಮ್ಮ ಸಭ್ಯತೆಯ ಸರ್ಟಿಫಿಕೇಟು ತೋರಿಸಬೇಕಾದ ಸ್ಥಿತಿ ಇದೆಯಲ್ಲ, ಅದನ್ನು ಈ ಬರವಣಿಗೆ ಪೂರ್ತಿ ಮೀರಿಲ್ಲ. ಬಹಿಷ್ಕಾರ ಅನ್ನುವ ಹರಿತ ಮಾತು ಕೂಡ ಪ್ರೀತಿಯ ಅಧ್ಯಾಯದ ಹೊದಿಕೆಯೊಳಗೆ ಬರುತ್ತದೆ. 1985ರ ದಸ್ತಾವೇಜಿನ ಸಿಟ್ಟು ಇದರಲ್ಲಿ ಕಡಿಮೆ.

ಇನ್ನೂ ದೊಡ್ಡ ಪ್ರಶ್ನೆ ಬೈಬಲ್ಲಿನದು. ಇದನ್ನು ಆ ದಸ್ತಾವೇಜು ಬೇಗ ದಾಟಿ ಹೋಗುತ್ತದೆ. ಅದಕ್ಕಿಂತ ಇಪ್ಪತ್ತು ವರ್ಷ ಮೊದಲು, 1989ರಲ್ಲಿ, ನಯೀಮ್ ಅತೀಕ್ 'ನ್ಯಾಯ, ನ್ಯಾಯ ಮಾತ್ರ' ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ನಿಂತು ಎದುರಿಸಿದ್ದರು. ಅತೀಕ್ ಬೇಸಾನಿನ ಅಕ್ಕಸಾಲಿಗರೊಬ್ಬರ ಮಗ. 1948ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿದ್ದಾಗ, ಮನೆಯವರೆಲ್ಲರ ಜೊತೆ ಊರು ಬಿಡಿಸಿ ನಜರೇತಿಗೆ ಅಟ್ಟಿಸಿಕೊಂಡವರು. ಅವರು ಕೇಳುವ ಪ್ರಶ್ನೆ ಸರಳ: ಯಾವ ಪುಸ್ತಕವನ್ನು ನಾವು ದೇವರ ವಾಕ್ಯ ಅಂತ ಮುತ್ತಿಟ್ಟು ಓದುತ್ತಿದ್ದೆವೋ ಅದೇ ಪುಸ್ತಕ ತೋರಿಸಿ ನಮ್ಮ ಮನೆ ಕಿತ್ತುಕೊಂಡರೆ, ಅದನ್ನು ಇನ್ನು ಓದುವುದು ಹೇಗೆ? ಉತ್ತರಕ್ಕೆ ಅವರು ಹಿಡಿದ ಕಥೆ ನಾಬೋತನದು. ಅರಸ ಅಹಾಬನಿಗೆ ಅರಮನೆ ಪಕ್ಕದ ದ್ರಾಕ್ಷಿ ತೋಟ ಬೇಕು, ಕಾಯಿಪಲ್ಲೆ ಹಾಕಲಿಕ್ಕೆ. ಪಿತ್ರಾರ್ಜಿತ, ಕೊಡಲ್ಲ ಅಂತಾನೆ ನಾಬೋತ. ರಾಣಿ ಈಜೆಬೆಲ್ ಇಬ್ಬರು ಸುಳ್ಳು ಸಾಕ್ಷಿ ಹೂಡಿ, ದೇವರನ್ನೂ ಅರಸನನ್ನೂ ಬೈದ ಅಂತ ಆರೋಪ ಹೊರಿಸಿ, ಕಲ್ಲು ಹೊಡೆಸಿ ಕೊಲ್ಲಿಸುತ್ತಾಳೆ. ಅಹಾಬ ತೋಟಕ್ಕೆ ಇಳಿಯುತ್ತಾನೆ. ಎದುರಿಗೆ ಪ್ರವಾದಿ ಎಲೀಯ ನಿಂತಿದ್ದಾನೆ. ಕೊಂದೂ ಕೊಂದು ಆಸ್ತಿಯನ್ನೂ ಹೊಡೆದುಕೊಂಡೆಯಾ ಎಂದು ಕೇಳುತ್ತಾನೆ. ಸುಳ್ಳು ಕೇಸು, ಸಾಕ್ಷಿ, ಊರವರ ಕಲ್ಲು, ಕೊನೆಗೆ ಜಮೀನು. ಇದಕ್ಕೆ ಟಿಪ್ಪಣಿ ಬೇಡ.

ನಾಬೋತನ ಕಥೆ ಓದಿಕೊಳ್ಳಬಹುದು. ಆದರೆ ವಿಮೋಚನಕಾಂಡ? ಲೋಕದ ದಮನಿತರೆಲ್ಲ ತಮ್ಮದು ಅಂತ ಹಾಡಿಕೊಂಡ ಕಥೆ ಅದು. ಗುಲಾಮರು ಐಗುಪ್ತದಿಂದ ಹೊರಟರು, ದೇವರು ಅವರ ಜೊತೆ ನಡೆದ. ಅಮೆರಿಕದ ಕಪ್ಪು ಜನ, ಲ್ಯಾಟಿನ್ ಅಮೆರಿಕದ ರೈತರು ಇದರಿಂದಲೇ ಕೆಚ್ಚು ಪಡೆದರು. 1989ರಲ್ಲೇ ಅಮೆರಿಕದ ಮೂಲನಿವಾಸಿ ಲೇಖಕ, ಓಸೇಜ್ ಕುಲದ ರಾಬರ್ಟ್ ಅಲನ್ ವಾರಿಯರ್ ಒಂದು ಪ್ರಬಂಧದಲ್ಲಿ ತಿರುಗಿ ಕೇಳಿದರು: ಹೊರಟವರು ಹೋಗಿ ಸೇರಿದ ನೆಲದಲ್ಲಿ ಮೊದಲೇ ಇದ್ದ ಕಾನಾನ್ಯರ ಕಥೆ ಏನು? ನಾವು ಆ ಕಥೆ ಓದುವಾಗ ಕಾನಾನ್ಯರಾಗಿ ಓದುತ್ತೇವೆ ಅಂದರು. ಬಿಡುಗಡೆ ಮಾಡಿದ ದೇವರೇ ಮುಂದಿನ ಪುಟದಲ್ಲಿ ಊರು ಸುಡಲು ಅಪ್ಪಣೆ ಕೊಡುವ ದೇವರು.

ಇಲ್ಲಿ ವಿಷಯ ಬೆಂಗಳೂರಿಗೆ ಬರುತ್ತದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಕಡೆಗೆ ಎಂಬ ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರ ಅಂತ ಇವತ್ತು ಕರೆಯುವುದಕ್ಕೆ ಅದು ಬೀಜ. ಆಮೇಲೆ ಅವರು ತಮ್ಮ ವಾದಕ್ಕೆ ತಳಹದಿ ಮಾಡಿಕೊಂಡದ್ದು ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು: ನಮ್ಮ ಪಿತೃ ಗತಿಯಿಲ್ಲದೆ ಅಲೆದವನು, ಪರದೇಶದಲ್ಲಿ ಹಿಂಸೆ ಉಂಡೆವು, ಕೂಗಿಕೊಂಡೆವು, ದೇವರು ಕೇಳಿಸಿಕೊಂಡ ಎಂಬ ನೆನಪಿನ ಭಾಗ. ನಮ್ಮವರ ಬೇರು ಅದೇ ಥರದ್ದು, ನೆನಪೇ ನಮ್ಮ ಮೊದಲ ಆಸ್ತಿ ಅಂತ ಅವರು ಅದನ್ನು ಎತ್ತಿಕೊಂಡರು. ಅದ್ಭುತವಾದ ಓದು. ಆದರೆ ಆ ಭಾಗದ ಕೊನೆ ಏನು? ಹಾಲೂ ಜೇನೂ ಹರಿಯುವ ಈ ನೆಲವನ್ನು ನಮಗೆ ಕೊಟ್ಟ ಎಂದು ಮುಗಿಯುತ್ತದೆ. ಆ ನೆಲ ಬೇಸಾನ್, ಆ ನೆಲ ಇಕ್ರಿತ್. ನಮ್ಮ ಕ್ರೈಸ್ತ ದಲಿತನಿಗೆ ಬೆನ್ನುಮೂಳೆ ಕೊಟ್ಟ ಸಾಲು, ಅತೀಕರಂಥವರಿಗೆ ಮನೆ ಬಿಡಿಸಿದ ಸಾಲೂ ಹೌದು. ನಿರ್ಮಲ್ ಇದನ್ನು ಸ್ವಲ್ಪ ಮುಂಗಂಡಿದ್ದರು ಅನ್ನಿಸುತ್ತದೆ. ಬಿಡುಗಡೆಯೇ ಗುರಿ, ಹಾಲು ಜೇನಿನ ನೆಲ ಮುಖ್ಯ ಗುರಿಯಲ್ಲ ಎಂದು ವಾದಿಸಿದ್ದರು. ಸಾಲದು. ನಾವು ಒಂದೇ ಕಾಲಕ್ಕೆ ಹೊರಟ ಗುಲಾಮರೂ ಹೌದು, ಹೊಲ ಕಳೆದುಕೊಂಡ ಕಾನಾನ್ಯರೂ ಹೌದು ಅನ್ನುವ ಓದು ಇನ್ನೂ ಬರೆಯಬೇಕಾಗಿದೆ. ದೇವಶಾಸ್ತ್ರದ ವಿದ್ಯಾರ್ಥಿಗಳು ಯಾರಾದರೂ ಈ ಪತ್ರಿಕೆ ಓದುತ್ತಿದ್ದರೆ ಇದು ಅವರ ತಲೆಗೆ.

ಇಷ್ಟು ಹೇಳಿ ಯೆಹೂದಿಗಳ ಮಾತು ಹೇಳದಿದ್ದರೆ ನಮ್ಮ ವಾಕ್ಯವೂ ಕರ್ತೃ ಕಳೆದುಕೊಳ್ಳುತ್ತದೆ. ಯೂರೋಪಿನ ಚರ್ಚು ಶತಮಾನಗಳ ಕಾಲ ಯೆಹೂದಿಗಳನ್ನು ಕ್ರಿಸ್ತನ ಕೊಲೆಗಡುಕರು ಅಂತ ಸಾರಿತು, ಪ್ರತ್ಯೇಕ ಕೇರಿಗಳಲ್ಲಿ ಇಡುವುದಕ್ಕೆ ಆಶೀರ್ವಾದ ಕೊಟ್ಟಿತು. ನಾಜಿಗಳು ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದಾಗ ಆ ನೆಲ ಹದಗೊಂಡಿತ್ತು. ಆ ಪಾಪ ತಮ್ಮದು ಎಂದು ಯೂರೋಪಿನ ಚರ್ಚುಗಳು ಆಮೇಲೆ ಒಪ್ಪಿಕೊಂಡವು, ಒಪ್ಪಿಕೊಳ್ಳಲೇಬೇಕಿತ್ತು. ಆದರೆ ಸಾಲ ತೀರಿಸಿದ್ದು ಯಾರ ಹೊಲದಿಂದ? ಇದನ್ನು ಬಿಡಿಸಿ ತೋರಿಸಿದವರು ಯೆಹೂದಿ ಚಿಂತಕ ಮಾರ್ಕ್ ಎಲಿಸ್: ಪ್ಯಾಲೆಸ್ತೀನಿಯರ ಬಗ್ಗೆ ಚರ್ಚು ಬಾಯಿ ಮುಚ್ಚಿಕೊಳ್ಳುವುದೇ ಯೆಹೂದಿಗಳಿಗೆ ಅದು ಕೊಡುವ ಪ್ರಾಯಶ್ಚಿತ್ತ ಎಂಬ ಒಳ ಒಪ್ಪಂದ ನಡೆದಿದೆ ಎಂದರು. ಯೆಹೂದಿ ದ್ವೇಷವನ್ನು ಪ್ಯಾಲೆಸ್ತೀನಿನ ಹೆಸರಲ್ಲಿ ಮತ್ತೆ ಮಾರುವವರಿಗೆ ನಮ್ಮ ಪಂಕ್ತಿಯಲ್ಲಿ ಎಲೆ ಇಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಯ ಗುಂಪುಗಳು ಸುಮಾರು 1,200 ಜನರನ್ನು ಕೊಂದವು, 251 ಜನರನ್ನು ಎತ್ತಿಕೊಂಡು ಹೋದವು. ಇದಕ್ಕೂ ಕರ್ತೃ ಇದೆ, ಹೇಳಿದ್ದೇವೆ. ಆಮೇಲೆ ಗಾಜಾದಲ್ಲಿ ಇಸ್ರೇಲ್ ಕೊಂದವರ ಲೆಕ್ಕ 2025ರ ಅಕ್ಟೋಬರಿನ ಕದನ ವಿರಾಮದ ಹೊತ್ತಿಗೆ 67 ಸಾವಿರ ದಾಟಿತ್ತು ಎಂದು ಗಾಜಾದ ಆರೋಗ್ಯ ಇಲಾಖೆ ಹೇಳಿತು. ಇದಕ್ಕೂ ಕರ್ತೃ ಇದೆ.

ದೊಡ್ಡ ಸಂಸ್ಥೆಗಳು ಕರ್ತೃವಿನ ಹೆಸರು ಹೇಳಲು ಕಲಿಯುವುದು ನಿಧಾನ. ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚು ಹತ್ತು ವರ್ಷ ಜಗ್ಗಾಡಿ 2014ರಲ್ಲಿ ಕ್ಯಾಟರ್‌ಪಿಲ್ಲರ್, ಹ್ಯೂಲೆಟ್ ಪ್ಯಾಕರ್ಡ್, ಮೊಟೊರೋಲಾ ಸಲ್ಯೂಷನ್ಸ್ ಕಂಪನಿಗಳಿಂದ ತನ್ನ ಷೇರು ಹಿಂತೆಗೆಯಲು ನಿರ್ಧರಿಸಿತು. ಪರ 310, ವಿರುದ್ಧ 303. ಏಳೇ ಓಟು! ಆದರೂ ನೂರು ಪ್ರಾರ್ಥನೆಗಿಂತ ಆ ನಿರ್ಣಯ ನಮಗೆ ಹೆಚ್ಚು ಅನ್ನಿಸುತ್ತದೆ, ಯಾಕೆಂದರೆ ಅದರಲ್ಲಿ ಬುಲ್ಡೋಜರಿಗೆ ಹೆಸರಿದೆ, ಅದು ಯಾರ ದುಡ್ಡಿನಲ್ಲಿ ಓಡುತ್ತದೆ ಅನ್ನುವುದಿದೆ. ಚರ್ಚುಗಳ ವಿಶ್ವ ಮಂಡಳಿ 2002ರಿಂದ ನಾನಾ ದೇಶದ ಸ್ವಯಂಸೇವಕರನ್ನು ಮೂರು ಮೂರು ತಿಂಗಳಿಗೆ ಪಶ್ಚಿಮ ದಂಡೆಗೆ ಕಳಿಸುತ್ತ ಬಂತು. ಬೆಳಗಿನ ಜಾವ ಕೂಲಿಗೆ ಹೋಗುವವರು ಚೆಕ್‌ಪೋಸ್ಟುಗಳಲ್ಲಿ ಸಾಲು ನಿಂತಾಗ ಪಕ್ಕದಲ್ಲಿ ನಿಂತು ಬರೆದುಕೊಳ್ಳುವುದು ಅವರ ಕೆಲಸಗಳಲ್ಲೊಂದು. ಅಂಥ ಕೆಲಸ ಮಾಡಿಸಿದ ಮಂಡಳಿಯೇ 2022ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕೂತಾಗ, ಇದನ್ನು ವರ್ಣಭೇದ ಅನ್ನಬಹುದೇ ಎಂಬುದಕ್ಕೆ ಕೆಲವರು ಹೌದು ಅಂತಾರೆ, ಕೆಲವರು ಅಲ್ಲ ಅಂತಾರೆ ಎಂದು ಬರೆದು ಎದ್ದಿತು. 2025ರ ಜೂನ್‌ನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಅದರ ಕೇಂದ್ರ ಸಮಿತಿ ಆ ಪದವನ್ನು ಬಳಸಿತು. ವರ್ಣಭೇದವನ್ನು ಉಂಡವರ ನೆಲದಲ್ಲಿ ಕೂತಾಗಲೇ ಆ ಪದ ಬಾಯಿಗೆ ಬಂತಲ್ಲ, ಕಾಕತಾಳೀಯ ಅಂತ ಬೇಕಾದರೆ ಅನ್ನಿ.

2023ರ ಕ್ರಿಸ್‌ಮಸ್ಸಿನಲ್ಲಿ ಬೆತ್ಲೆಹೇಮಿನ ಲೂಥರನ್ ಚರ್ಚಿನ ಪಾದ್ರಿ ಮುಂಥರ್ ಐಸಾಕ್ ಗೋದಲಿಯಲ್ಲಿ ಹುಲ್ಲು ಹಾಸಲಿಲ್ಲ. ಒಡೆದ ಕಾಂಕ್ರೀಟು ಚೂರು ಒಟ್ಟಿ, ಅದರ ನಡುವೆ ಚೌಕಳಿ ವಸ್ತ್ರ ಸುತ್ತಿದ ಕೂಸನ್ನು ಮಲಗಿಸಿದರು. ಊರಲ್ಲಿ ಆ ವರ್ಷ ದೀಪ ಇಲ್ಲ, ಮೆರವಣಿಗೆ ಇಲ್ಲ. ಪ್ರಸಂಗದಲ್ಲಿ ಅವರು ಪಶ್ಚಿಮದ ಚರ್ಚುಗಳನ್ನು ನೇರ ತರಾಟೆಗೆ ತೆಗೆದುಕೊಂಡರು. ಎಲ್ಲ ಮುಗಿದ ಮೇಲೆ ದಾನದ ಚೀಲ ಹಿಡಿದು ಕ್ಷಮೆ ಕೇಳಲು ಬರಬೇಡಿ ಎಂಬ ಧಾಟಿಯಲ್ಲಿ. 2009ರ ದಸ್ತಾವೇಜಿನಲ್ಲಿ ನಮಗೆ ಸಿಗದ ಸಿಟ್ಟು ಇಲ್ಲಿ ಸಿಗುತ್ತದೆ. ಆ ಗೋದಲಿಯ ಚಿತ್ರ ಲೋಕವೆಲ್ಲ ಸುತ್ತಿತು, ನೋಡಿದವರು ಅತ್ತರು. ನಮಗೆ ಮಾತ್ರ ಒಂದು ಗುಮಾನಿ. ಕೂಸಾದರೆ ಅಳುತ್ತಾರೆ. ಅದೇ ಕೂಸು ಬೆಳೆದು ಹದಿನೈದರ ಹುಡುಗನಾಗಿ ಗೋಡೆಗೆ ಕಲ್ಲೆಸೆದರೆ ಯಾವ ಚರ್ಚಿನಲ್ಲಿ ಅವನ ಗೋದಲಿ ಕಟ್ಟುತ್ತಾರೆ? ಪಾಪದ ಹರಿಜನ ಅಂತ ತಲೆ ಸವರಿದವರು, ದಲಿತ ಅಂತ ಹೆಸರಿಟ್ಟುಕೊಂಡ ದಿನ ಕೈ ಹಿಂತೆಗೆದದ್ದನ್ನು ನಾವು ಕಂಡವರು. ಇದು ಐಸಾಕರ ಮೇಲಿನ ದೂರಲ್ಲ, ಅತ್ತವರ ಮೇಲಿನದು.

ಇಕ್ರಿತಿನ ಕಥೆ ಅರ್ಧಕ್ಕೆ ಬಿಟ್ಟಿದ್ದೆವು. ಊರವರು ಕೇಳಿ ಕೇಳಿ, ಎಪ್ಪತ್ತರ ದಶಕದ ಮೊದಲಿಗೆ, ಸತ್ತವರನ್ನು ತಂದು ಊರಿನ ಸ್ಮಶಾನದಲ್ಲಿ ಹೂಳುವುದಕ್ಕೆ ಸರ್ಕಾರ ಒಪ್ಪಿತು. ಬದುಕಿದ್ದವರು ವಾಪಸು ಬರುವ ಹಾಗಿಲ್ಲ, ಹೆಣವಾಗಿ ಬರಬಹುದು. 2012ರಲ್ಲಿ ಮೊಮ್ಮಕ್ಕಳ ಕಾಲದ ಹುಡುಗರು ಹೋಗಿ ಉಳಿದ ಆ ಒಂದು ಚರ್ಚಿನ ಪಕ್ಕ ಬಿಡಾರ ಹೂಡಿದರು, ಗಿಡ ನೆಟ್ಟರು. 2014ರ ಜೂನ್‌ನಲ್ಲಿ, ವ್ಯಾಟಿಕನ್ ತೋಟದಲ್ಲಿ ಆಲಿವ್ ನೆಟ್ಟ ತಿಂಗಳಲ್ಲೇ, ಇಸ್ರೇಲಿ ಅಧಿಕಾರಿಗಳು ಪೊಲೀಸರ ಜೊತೆ ಬಂದು ಆ ಬಿಡಾರವನ್ನು ಕಿತ್ತರು.